ತಗಡಿನ ಜೀರ್ಣೋದ್ಧಾರ

ಸಂಡೂರಿನ ಗುಡ್ಡ ಕೆಂಪಗಿರುವುದಕ್ಕೂ ಹಳೇ ಕಾರಿನ ಫ್ಲೋರು ಕೆಂಪಗಾಗುವುದಕ್ಕೂ ಕಾರಣ ಒಂದೇ. ಕಬ್ಬಿಣ ಭೂಮಿಯಲ್ಲಿ ಸಿಗುವುದೇ ಆಮ್ಲಜನಕದ ಜೊತೆ ಕೂಡಿಕೊಂಡು. ಅದರ ಸುಖ ಇರುವುದೂ ಅಲ್ಲೇ. ನಾವು ಅದನ್ನು ಅಗೆದು ತಂದು, ಕುಲುಮೆಗೆ ಹಾಕಿ, ಆಮ್ಲಜನಕವನ್ನು ಹೊರಗಟ್ಟಿ, ತಗಡು ಮಾಡಿ, ಬಣ್ಣ ಬಳಿದು, ಕಾರೆಂದು ಹೆಸರಿಟ್ಟು ಬೀದಿಗೆ ಬಿಡುತ್ತೇವೆ. ನಾಲ್ಕು ಹನಿ ನೀರು, ಒಂದಿಷ್ಟು ಗಾಳಿ ಸಿಕ್ಕಿದ್ದೇ ತಡ, ಅದು ಮತ್ತೆ ಸಂಡೂರಿನ ಮಣ್ಣಾಗಲು ಹೊರಟುಬಿಡುತ್ತದೆ. ಸಮುದ್ರದ ಉಪ್ಪುಗಾಳಿ ಜೊತೆಗಿದ್ದರೆ ಇನ್ನೂ ಬೇಗ. ಹೋಗುವವರನ್ನು ಹೋಗಗೊಡುವುದು ದೊಡ್ಡವರ ಲಕ್ಷಣ. ಆದರೆ ಮಕ್ಕಳು ಅಮೆರಿಕ ಸೇರಿ, ಮನೆ ಸಾಲ ತೀರಿ, ಮಂಡಿ ಇನ್ನೂ ಮಾತು ಕೇಳುತ್ತಿರುವ ಬೆಂಗಳೂರಿನ ಗಂಡಸಿನ ಕೈಗೆ ಸಿಕ್ಕ ಕಾರಿಗೆ ಆ ಭಾಗ್ಯವಿಲ್ಲ. ಅವನು ಅದನ್ನು ರಿಸ್ಟೋರ್ ಮಾಡುತ್ತಾನೆ. ಅದೂ ಮನೆಯಲ್ಲೇ. ಅದೂ ಸ್ವಂತ ಕೈಯಿಂದ.

ಆ ಸ್ವಂತ ಕೈ ಯಾರದ್ದು ಎಂಬುದಕ್ಕೆ ಆಮೇಲೆ ಬರೋಣ. ಮೊದಲು ಕಾರು ನೋಡಿ.

ನಮ್ಮ ಎದುರುಮನೆ ರಾಯರು ತಂದದ್ದು 1974ರ ಪ್ರೀಮಿಯರ್ ಪದ್ಮಿನಿ. ಓಡಿಸಿಕೊಂಡು ಬಂದದ್ದಲ್ಲ, ಲಾರಿಯ ಮೇಲೆ ಹೇರಿಸಿಕೊಂಡು ಬಂದದ್ದು. ಇಳಿಸುವಾಗ ಎಡಗಡೆಯ ಬಾಗಿಲು ಇಳಿಸುವವನ ಕೈಯಲ್ಲೇ ಉಳಿಯಿತು. ಲಾರಿ ಹೋದ ಮೇಲೆ ರಸ್ತೆಯಲ್ಲಿ ಬಿದ್ದಿದ್ದ ಕೆಂಪು ಪುಡಿ ನೋಡಿ ಬೆಳಗ್ಗೆ ಗುಡಿಸಲು ಬಂದಾಕೆ, "ಏನ್ ಸಾರ್, ಇಟ್ಟಿಗೆ ಇಳಿಸಿದ್ರಾ?" ಎಂದು ಕೇಳಿದಳು. ರಾಯರಿಗೆ ಬೇಸರವಾಯಿತು. ಮಾರಿದವನು ಹೇಳಿದ್ದ ಪ್ರಕಾರ ಅದು ಒಬ್ಬರೇ ಓನರ್ ಗಾಡಿ; ಓನರು ಡಾಕ್ಟರು; ಭಾನುವಾರ ದೇವಸ್ಥಾನಕ್ಕೆ ಬಿಟ್ಟರೆ ಹೊರಗೆ ತೆಗೆದವರಲ್ಲ. ಹಳೇ ಕಾರು ಮಾರುವವರ ಮಾತು ನಂಬಿದರೆ ಈ ದೇಶದಲ್ಲಿ ಕಾರಿಟ್ಟವರೆಲ್ಲ ಡಾಕ್ಟರುಗಳೇ, ಮತ್ತು ಅವರಲ್ಲಿ ಒಬ್ಬರೂ ರೋಗಿ ನೋಡಲು ಕಾರಿನಲ್ಲಿ ಹೋದವರಲ್ಲ.

ರಾಯರಿಗೆ ಈ ಗೀಳು ಹತ್ತಿದ್ದು ಧರ್ಮಸ್ಥಳದಲ್ಲಿ. ಮಂಜುನಾಥನ ದರ್ಶನ ಮಾಡಿ, ಅನ್ನಛತ್ರದಲ್ಲಿ ಉಂಡು, ಹೊತ್ತು ಕಳೆಯಲು ಕಾರ್ ಮ್ಯೂಸಿಯಮ್ಮಿಗೆ ಹೊಕ್ಕವರು ಹೊರಗೆ ಬರುವಷ್ಟರಲ್ಲಿ ಬೇರೆ ಮನುಷ್ಯರಾಗಿದ್ದರು. ಅಲ್ಲಿ ಸಾಲಾಗಿ ನಿಂತ ರಾಜಮಹಾರಾಜರ ಕಾಲದ ಕಾರುಗಳು ಇವರ ಕಿವಿಯಲ್ಲಿ ಏನೋ ಹೇಳಿದವಂತೆ. ಆ ಕಾರುಗಳ ಹಿಂದೆ ಮಠದಷ್ಟು ದೊಡ್ಡ ವ್ಯವಸ್ಥೆಯಿದೆ, ನೋಡಿಕೊಳ್ಳುವ ಆಳುಕಾಳು ಇದ್ದಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಊರಿಗೆ ಬಂದವರೇ, "ಪರಂಪರೆ ಉಳಿಸಬೇಕು ಕಣ್ರೀ" ಎಂದರು.

ಈ ಪರಂಪರೆಯ ಜಾತಕ ಸ್ವಲ್ಪ ನೋಡೋಣ. ಇಟಲಿಯ ಫಿಯಟ್ ಕಂಪನಿ 1953ರಲ್ಲಿ ಹೊಸ 1100 ಎಂಬ ಕಾರು ಬಿಟ್ಟಿತು. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಅದನ್ನು ಇಲ್ಲಿ ಕಟ್ಟಲು ಶುರು ಮಾಡಿತು. 1964ರಲ್ಲಿ 'ಡಿಲೈಟ್' ಆಯಿತು, 1970ರ ದಶಕದಲ್ಲಿ ಫಿಯಟ್ ಹೆಸರು ಕಳಚಿ 'ಪದ್ಮಿನಿ' ಆಯಿತು. ಇಟಲಿಯವರು 1969ಕ್ಕೇ ಸಾಕಪ್ಪಾ ಎಂದು 1100ರ ಸಹವಾಸ ಬಿಟ್ಟರು. ನಾವು 2000ದವರೆಗೆ ಎಳೆದೆವು. ಆಗ ಕಾರು ಬೇಕೆಂದವನಿಗೆ ದಾರಿ ಮೂರೇ: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿಗೆ ಬಂಗಾಳದಲ್ಲಿ ನಾಮಕರಣ ಮಾಡಿದ ಅಂಬಾಸಿಡರ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಇಲ್ಲವೇ ಈ ಫಿಯಟ್. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬುಕ್ ಮಾಡುವಾಗ ಹೊಟ್ಟೆಯಲ್ಲಿದ್ದ ಮಗು ಡೆಲಿವರಿ ಹೊತ್ತಿಗೆ ಶಾಲೆಗೆ ಸೇರಿರುತ್ತಿತ್ತು. ಬಂದ ಕಾರನ್ನು ಶೋರೂಮಿನಿಂದ ಸೀದಾ ಮೆಕ್ಯಾನಿಕ್ಕಿನ ಹತ್ತಿರ ಒಯ್ದು ಕಾರ್ಖಾನೆಯವರು ಬಿಟ್ಟ ಕೆಲಸ ಮುಗಿಸಿಕೊಳ್ಳುವುದು ಜಾಣರ ಪದ್ಧತಿಯಾಗಿತ್ತು. ಹಾರ್ನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತದೆ ಎಂಬ ಜೋಕು ಹುಟ್ಟಿದ್ದು ಈ ಕಾಲದಲ್ಲೇ. 1983ರ ಕೊನೆಗೆ ಮಾರುತಿ ಬಂದಿತು ನೋಡಿ, ಹತ್ತಾರು ವರ್ಷ ಸಂಸಾರ ಮಾಡಿದವರೂ ಹಿಂದೆ ತಿರುಗಿ ನೋಡಲಿಲ್ಲ. ಫಿಯಟ್ಟುಗಳು ಹಿತ್ತಲಿಗೆ ಹೋದವು, ಕೋಳಿ ಮಲಗುವ ಗೂಡಾದವು, ಗುಜರಿ ಸೇರಿದವು.

ಅಂದರೆ ಆಗ ಬೇರೆ ಗತಿಯಿಲ್ಲದೆ ಕೊಂಡ ಕಾರು ಇದು. ಆ ಗತಿಗೇಡನ್ನೇ ಈಗ ಮೂರು ಕೋಟು ಬಣ್ಣ ಹೊಡೆದು ಪರಂಪರೆ ಎಂದು ನಿಲ್ಲಿಸುತ್ತಿದ್ದೇವೆ. ಇದೇ ಲೆಕ್ಕದಲ್ಲಿ ರೇಷನ್ ಅಂಗಡಿಯ ಕ್ಯೂ, ಟ್ರಂಕ್ ಕಾಲ್, ಗ್ಯಾಸ್ ಸಿಲಿಂಡರಿನ ವೇಟಿಂಗ್ ಲಿಸ್ಟ್ ಇವನ್ನೂ ಯಾರಾದರೂ ರಿಸ್ಟೋರ್ ಮಾಡಬೇಕು. ಸೀಮೆಎಣ್ಣೆ ಡಬ್ಬ ಹಿಡಿದು ನಿಲ್ಲುವ ರ‍್ಯಾಲಿ ಮಾಡಿದರೆ ಅದಕ್ಕೂ ಪ್ರಾಯೋಜಕರು ಸಿಗುತ್ತಾರೆ.

ಇರಲಿ. ವರ್ಕ್‌ಶಾಪು ಪೋರ್ಟಿಕೋದಲ್ಲಿ ಶುರುವಾಯಿತು. ದಿನಾ ಓಡುವ ಕಾರು ಬೀದಿಗೆ ಬಿತ್ತು. ರಾಯರ ಹೆಂಡತಿಯ ಸ್ಕೂಟರಿಗೆ ಹೊದಿಸುತ್ತಿದ್ದ ಟಾರ್ಪಾಲು ಫಿಯಟ್ಟಿಗೆ ವರ್ಗಾವಣೆಯಾಯಿತು. ಆ ಮಳೆಗಾಲದಲ್ಲಿ ಸ್ಕೂಟರಿನ ಫ್ಲೋರು ತೂತಾಯಿತು. ಓಡದ ಗಾಡಿಯ ತುಕ್ಕು ತೆಗೆಯಲು ಓಡುವ ಗಾಡಿಗೆ ತುಕ್ಕು ಹಿಡಿಸಿದ ಮೊದಲ ಮಹನೀಯರು ಇವರಲ್ಲ, ಕೊನೆಯವರೂ ಅಲ್ಲ. ಆಮೇಲೆ ಪೆಟ್ಟಿಗೆಗಳು ಬರತೊಡಗಿದವು. ಕಂಪ್ರೆಸರ್, ಮಿಗ್ ವೆಲ್ಡಿಂಗ್ ಮಷಿನ್, ಗ್ರೈಂಡರ್, ಗ್ರೈಂಡರಿಗೆ ನಾನಾ ಬಗೆಯ ಚಕ್ರ, ಬಾಹ್ಯಾಕಾಶ ಯಾತ್ರಿಕರ ಹೆಲ್ಮೆಟ್ಟು, ತಗಡಿಗೆ ಉಬ್ಬು ಮೂಡಿಸುವ ರೋಲರ್, ಮೂರು ತೂಕದ ಸುತ್ತಿಗೆ, ಅದರ ಹಿಂದೆ ಹಿಡಿಯುವ ಡಾಲಿ. ಗೋಡೆಗೆ ಹಲಗೆ ಹೊಡೆದು ಪ್ರತಿ ಸ್ಪ್ಯಾನರಿನ ನೆರಳನ್ನು ಕಪ್ಪು ಪೇಂಟಿನಲ್ಲಿ ಬರೆದು, ಅದರ ಮೇಲೇ ಅದನ್ನು ನೇತುಹಾಕಿದರು. ಅಷ್ಟು ಹೊತ್ತಿಗೆ ಕಾರಿನ ಒಂದು ಬೋಲ್ಟೂ ಬಿಚ್ಚಿರಲಿಲ್ಲ. ರಾಯರ ಹೆಂಡತಿ ನಮ್ಮ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಬಂದಾಗ ಹೇಳಿದರು: "ಎಪಾಕ್ಸಿ ಪ್ರೈಮರು ಬಂತಂತೆ, ರೆಡ್ ಆಕ್ಸೈಡು ಬಂತಂತೆ. ಅಡುಗೆ ಮನೆ ಗೋಡೆಗೆ ಒಂದು ಕೋಟ್ ಸುಣ್ಣ ಬರಲಿ ಅಂತ ನಾನು ಕೇಳ್ತಾ ಇರೋದು ಮಗ ಹೈಸ್ಕೂಲಲ್ಲಿದ್ದಾಗಿಂದ."

ತುಕ್ಕು ಬಿಡಿಸುವ ದಾರಿ ಹಲವು. ಮರಳು ಊದಬಹುದು. ಫಾಸ್ಫಾರಿಕ್ ಆಸಿಡ್ ಹಚ್ಚಬಹುದು. ತುಕ್ಕು ಕಪ್ಪು ಪದರವಾಗಿ ತಣ್ಣಗೆ ಕೂರುತ್ತದೆ. ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರಿನಿಂದ ಕರೆಂಟು ಹಾಯಿಸಬಹುದು. ರಾಯರಿಗೆ ಹಿಡಿಸಿದ್ದು ಸಾವಯವ ವಿಧಾನ: ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವನ್ನು ಒಂದಕ್ಕೆ ಒಂಬತ್ತರಂತೆ ನೀರಿಗೆ ಬೆರೆಸಿ, ತುಕ್ಕು ಹಿಡಿದ ಭಾಗಗಳನ್ನು ವಾರಗಟ್ಟಲೆ ನೆನೆಹಾಕಿದರೆ ತುಕ್ಕು ಕಳಚಿಕೊಳ್ಳುತ್ತದೆ, ಒಳ್ಳೆ ಕಬ್ಬಿಣ ಹಾಗೇ ಉಳಿಯುತ್ತದೆ. ಇದು ಬುರುಡೆಯಲ್ಲ, ಚಳಿ ದೇಶದ ಶೆಡ್ಡುಗಳಲ್ಲಿ ನಡೆದು ಗೆದ್ದ ಪ್ರಯೋಗ. ಆದರೆ ನಮ್ಮಲ್ಲಿ ಅದು ಏಪ್ರಿಲ್ ತಿಂಗಳು. ಮಂಡ್ಯದ ಕಡೆಯಿಂದ ಹೇಗೋ ಬಂದ ಕಾಕಂಬಿ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಮೂರನೇ ದಿನಕ್ಕೇ ಹುದುಗೆದ್ದು ಗುಳುಗುಳು ಮಾತಾಡತೊಡಗಿತು. ಮೊದಲು ಇರುವೆ ಬಂದವು, ಆಮೇಲೆ ನೊಣ, ಆಮೇಲೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಸಂಜೆ ವಾಕಿಂಗ್ ಹೋಗುವ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು ದೀರ್ಘವಾಗಿ ಉಸಿರೆಳೆದುಕೊಂಡು, "ರಾಯರೇ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಲೀಟರಿಗೆ ಎಷ್ಟು?" ಎಂದರು. ಕಾಕಂಬಿ ಅಬಕಾರಿ ಇಲಾಖೆಯ ಕಣ್ಣಿರುವ ಸರಕು ಎಂದು ಯಾರೋ ನೆನಪಿಸಿದ ರಾತ್ರಿ ಡ್ರಮ್ಮು ಮೋರಿಗೆ ಖಾಲಿಯಾಯಿತು. ನಮ್ಮ ಬೀದಿಯ ಹೆಗ್ಗಣಗಳು ಎರಡು ದಿನ ಓಲಾಡಿಕೊಂಡು ತಿರುಗಿದವು ಎಂದು ಹೇಳುವವರಿದ್ದಾರೆ, ನಾನು ಕಂಡಿಲ್ಲ.

ಇಷ್ಟಾದ ಮೇಲೆ ರಾಯರು ಗ್ರೈಂಡರು ಎತ್ತಿಕೊಂಡರು.

ಪದ್ಮಿನಿಗೆ ಲಾರಿಗೆ ಇರುವ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚಾಸಿ. ಫ್ಲೋರು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆ, ಕಂಬಗಳು, ಟಾಪು ಇವೆಲ್ಲ ಒಂದನ್ನೊಂದು ಹಿಡಿದುಕೊಂಡು ನಿಂತಿರುತ್ತವೆ. ತುಕ್ಕು ಮೊದಲು ನುಗ್ಗುವುದು ಆ ಟೊಳ್ಳು ಪೆಟ್ಟಿಗೆಗೇ. ಬಾಗಿಲ ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗಲೆಂದು ಕೆಳಗೆ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು, ಹೊಂಗೆ ಎಲೆ ಸೇರಿ ಮುಚ್ಚಿಹೋಗುತ್ತವೆ. ನೀರು ಒಳಗೇ ಬಿಡಾರ ಹೂಡುತ್ತದೆ. ರಬ್ಬರ್ ಮ್ಯಾಟಿನ ಕೆಳಗೆ ಹಾಸಿದ ಸೆಣಬಿನ ಹಾಸು ಒಮ್ಮೆ ನೆನೆದರೆ ಮುಂದಿನ ಮಳೆಗಾಲದವರೆಗೂ ಒಣಗುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿನದಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ಎರಡು ತಗಡು ಕೂಡಿಸಿ ಸ್ಪಾಟ್ ವೆಲ್ಡ್ ಮಾಡಿದ ಕಡೆ ಬೆಸುಗೆಯನ್ನೇ ಸೀಳಿಕೊಂಡು ಉಬ್ಬುತ್ತದೆ. ಹೊರಗೆ ಕಾಸಗಲದ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಇಷ್ಟೆಲ್ಲ ರಾಯರು ಓದಿದ್ದರು. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟುಗಳಿಗೆ ಒಳಗಿಂದ ಅಡ್ಡಪಟ್ಟಿ ಬೆಸೆದುಕೊಳ್ಳಬೇಕು ಎನ್ನುವ ಒಂದು ಸಾಲಿನ ಹತ್ತಿರ ಮಾತ್ರ ಕಾಫಿ ಬಂದಿರಬೇಕು. ಎರಡೂ ಬದಿಯ ಪೆಟ್ಟಿಗೆಗಳನ್ನು ಒಂದೇ ಶನಿವಾರ ಕತ್ತರಿಸಿ ತೆಗೆದರು. ಸಂಜೆ ನಾಲ್ಕರ ಸುಮಾರಿಗೆ ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ನಡು ಬಗ್ಗಿಸಿ ಕೂತಿತು. ಅಂದಿನಿಂದ ನಾಲ್ಕು ಬಾಗಿಲುಗಳಲ್ಲಿ ಒಂದೂ ಮುಚ್ಚಲಿಲ್ಲ.

ಆಗ ಬಂದವರು ಉಸ್ತಾದ್. ಶಿವಾಜಿನಗರದ ಕಡೆಯವರು. ಗ್ಯಾರೇಜಿನವರು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು, ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುವುದು. ರಾಯರು ಮಾತ್ರ "ನಮ್ಮ ಹುಡುಗ" ಎನ್ನುತ್ತಾರೆ. ಉಸ್ತಾದರಿಗೆ ಅರವತ್ತು ದಾಟಿದೆ.

ಉಸ್ತಾದ್ ಮೊದಲ ದಿನ ಪೋರ್ಟಿಕೋದಲ್ಲಿ ನಿಂತು ಸಲಕರಣೆಗಳ ಗೋಡೆಯನ್ನು ಮ್ಯೂಸಿಯಂ ನೋಡಿದಂತೆ ನೋಡಿದರು. ಚಪ್ಪಲಿ ಬಿಟ್ಟು ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಒಂದು ಕಡೆ ಟಣ್ ಎಂದಿತು, ಮೂರು ಕಡೆ ಬೊದ್ ಎಂದಿತು. "ಸಾರ್, ಇದ್ರಲ್ಲಿ ತಗಡು ಎಲ್ಲಿದೆ? ಪೇಂಟು ತಗಡಿನ ಥರ ಆಕ್ಟಿಂಗ್ ಮಾಡ್ತಾ ನಿಂತಿದೆ." ಆಮೇಲೆ ಎರಡು ಜಾಕು, ನಾಲ್ಕು ಮರದ ತುಂಡು, ಒಂದು ದಾರ ಕೇಳಿದರು. ರಾಯರು ಲೇಸರ್ ಅಳತೆಯ ಯಂತ್ರ ತಂದುಕೊಟ್ಟರು. ಉಸ್ತಾದ್ ಅದನ್ನು ಮರ್ಯಾದೆಯಿಂದ ಪಕ್ಕಕ್ಕಿಟ್ಟು, ರಾಯರ ಹೆಂಡತಿ ಹೂ ಕಟ್ಟುವ ದಾರ ಇಸಿದುಕೊಂಡು, ಒಂದು ಕಂಬದ ಬುಡದಿಂದ ಎದುರು ಕಂಬದ ತಲೆಗೆ ಎಳೆದು ಗಂಟು ಹಾಕಿ, ಅದೇ ದಾರವನ್ನು ಇನ್ನೊಂದು ಮೂಲೆಯಿಂದ ಎಳೆದರು. ಗಂಟಿಗೂ ಕಂಬಕ್ಕೂ ನಡುವೆ ಎರಡು ಬೆರಳು ವ್ಯತ್ಯಾಸ. ಜಾಕನ್ನು ಕಾಲು ಸುತ್ತು ಏರಿಸುವುದು, ದಾರ ಹಿಡಿಯುವುದು, ಬೀಡಿ ಸೇದುವುದು, ಮತ್ತೆ ಕಾಲು ಸುತ್ತು. ಮಧ್ಯಾಹ್ನದ ಹೊತ್ತಿಗೆ ಗಂಟು ಸರಿಯಾಗಿ ಕಂಬಕ್ಕೆ ಬಂದು ಕೂತಿತು, ಬಾಗಿಲು ಟಪ್ ಎಂದು ಮುಚ್ಚಿತು.

ವೆಲ್ಡಿಂಗಿನ ಕಥೆಯೂ ಹಾಗೇ. ಈ ಬಾಡಿಯ ತಗಡು ಒಂದು ಮಿಲಿಮೀಟರಿಗೂ ತೆಳು. ಒಂದೇ ಎಳೆಯಲ್ಲಿ ಬೆಸೆಯುತ್ತಾ ಹೋದರೆ ಕಾವಿಗೆ ತಗಡು ಹಪ್ಪಳದ ಹಾಗೆ ಸುರುಟುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ನಡುವಿನ ಜಾಗ ಆಮೇಲೆ ತುಂಬಬೇಕು. ತಾಳ್ಮೆಯ ಕೆಲಸ. ರಾಯರು ಸರಿಪಡಿಸಿದ ಜಾಗದಲ್ಲಿ ಮೊದಲಿದ್ದ ತೂತಿಗಿಂತ ದೊಡ್ಡ ತೂತುಗಳಿದ್ದವು. ಹೆಲ್ಮೆಟ್ಟು ಇಟ್ಟುಕೊಂಡ ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಕಿಡಿ ಹಾರುತ್ತಿರುವ ಆ ಫೋಟೋ ಅವರ ಹಾಲಿನಲ್ಲಿ ಫ್ರೇಮಾಗಿ ನೇತಾಡುತ್ತಿದೆ. ಅದೇ ಫೋಟೋದ ಎಡಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಒಂದು ಮೊಣಕೈ ಇದೆ. ಪೂರ್ತಿ ಫ್ಲೋರು ಬೆಸೆದದ್ದು ಆ ಮೊಣಕೈ.

ತಗ್ಗು ಮುಚ್ಚಲು ಪಟ್ಟಿ ಮೆತ್ತಿ ಉಜ್ಜುವ ಹಂತದಲ್ಲಿ ನಾನು ದಿನಾ ಹೋಗಿ ನಿಲ್ಲುತ್ತಿದ್ದೆ, ನೋಡುವುದಕ್ಕೆ ಅಷ್ಟು ಚೆನ್ನಾಗಿರುತ್ತಿತ್ತು. ಎಂಬತ್ತರ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ, ನೂರಿಪ್ಪತ್ತು, ಮುನ್ನೂರಿಪ್ಪತ್ತು ಎಂದು ನುಣುಪಾಗುತ್ತಾ ಹೋದಂತೆ ಉಸ್ತಾದ್ ನೋಡುವುದನ್ನೇ ಬಿಟ್ಟುಬಿಡುತ್ತಿದ್ದರು. ತೊಳೆದು ತೊಳೆದು ತೆಳ್ಳಗಾದ ಒಂದು ಹಳೇ ಪಂಚೆಯ ತುಂಡನ್ನು ಅಂಗೈ ಕೆಳಗಿಟ್ಟುಕೊಂಡು, ಮುಖ ರಸ್ತೆಯ ಕಡೆ ತಿರುಗಿಸಿ, ಮಡ್‌ಗಾರ್ಡಿನ ಮೇಲೆ ಉದ್ದಕ್ಕೆ ಕೈ ಸವರುತ್ತಿದ್ದರು. ಬರಿಗೈಗೆ ಗೊತ್ತಾಗದ ಏರುತಗ್ಗು ಬಟ್ಟೆಯ ಕೆಳಗೆ ಗೊತ್ತಾಗುತ್ತದೆ. ಎಲ್ಲೋ ಕೈ ನಿಲ್ಲುವುದು. ಪೆನ್ಸಿಲಿನಿಂದ ಒಂದು ಸುತ್ತು. ಅಲ್ಲಿ ನನ್ನ ಕಣ್ಣಿಗೂ ರಾಯರ ಸ್ಟೀಲ್ ಸ್ಕೇಲಿಗೂ ಏನೂ ಕಾಣದು. ಬಣ್ಣ ಹೊಡೆದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಡೊಂಕಾಗುವುದು ಮಾತ್ರ ಅಲ್ಲೇ. ಇದನ್ನು ಕಲಿಸುವ ಕಾಲೇಜಿಲ್ಲ, ಕೊಡುವ ಸರ್ಟಿಫಿಕೇಟಿಲ್ಲ. ಹಾಗಾಗಿ ಅದು ಕಲೆಯಲ್ಲ, ದಿನಗೂಲಿ.

ಉಜ್ಜುವಾಗಲೇ ಕಾರು ಬಾಯಿಬಿಟ್ಟಿತು. ಮೇಲಿನ ಬಿಳಿ ಬಣ್ಣದ ಕೆಳಗೆ ಕ್ರೀಮು. ಕ್ರೀಮಿನ ಕೆಳಗೆ ಬೂದು ಪ್ರೈಮರು. ಅದರ ಕೆಳಗೆ ಬಾಡಿಯಲ್ಲಿ ಕಪ್ಪು, ಟಾಪಿನಲ್ಲಿ ಹಳದಿ. ಉಸ್ತಾದ್ ಏನೂ ಹೇಳದೆ ಎಡಗಡೆ ಮುಂದಿನ ಮಡ್‌ಗಾರ್ಡಿನ ಪಟ್ಟಿ ಕೆರೆದರು. ಒಳಗೆ ಬೆಸೆದು ಮುಚ್ಚಿದ ಬೋಲ್ಟಿನ ತೂತುಗಳು. ಮುಂಬೈ ಟ್ಯಾಕ್ಸಿಯಲ್ಲಿ ಮೀಟರು ಒಳಗಿರುತ್ತಿರಲಿಲ್ಲ, ಹೊರಗೆ ಅದೇ ಜಾಗದಲ್ಲಿ ಕಿವಿಯ ಹಾಗೆ ಅಂಟಿಕೊಂಡಿರುತ್ತಿತ್ತು. ಭಾನುವಾರ ದೇವಸ್ಥಾನಕ್ಕೆ ಮಾತ್ರ ಹೋಗುತ್ತಿದ್ದ ಡಾಕ್ಟರ ಕಾರು ಹಗಲೂ ರಾತ್ರಿ ವಿಟಿ ಸ್ಟೇಷನ್ನಿನ ಮುಂದೆ ಕೂಗಿ ಕೂಗಿ ಬಾಡಿಗೆ ಹೊಡೆದಿತ್ತು. ಫ್ಲೋರನ್ನು ತಿಂದದ್ದು ಬೆಂಗಳೂರಿನ ತುಂತುರು ಮಳೆಯಲ್ಲ, ಅರಬ್ಬೀ ಸಮುದ್ರದ ಉಪ್ಪು.

ನನಗೆ ಸಂತೋಷವಾಯಿತು. ಡಾಕ್ಟರರ ಭಾನುವಾರಕ್ಕಿಂತ ಇದು ಎಷ್ಟೋ ಪಾಲು ಒಳ್ಳೆಯ ಚರಿತ್ರೆ. ಉಡುಪಿ ಕಡೆಯಿಂದ ಹೋಟೆಲಿನಲ್ಲಿ ಲೋಟ ತೊಳೆಯಲು ಮುಂಬೈಗೆ ಇಳಿದ ಎಷ್ಟು ಹುಡುಗರು ಇಂಥ ಹಿಂದಿನ ಸೀಟಿನಲ್ಲಿ ಟ್ರಂಕು ತಬ್ಬಿಕೊಂಡು ಕೂತಿದ್ದರೋ. 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತಿಯಾದಾಗ ಪೇಪರುಗಳೆಲ್ಲ ಕಣ್ಣೀರು ಹಾಕಿದವು. ರಾಯರೂ "ಒಂದು ಯುಗ ಮುಗಿಯಿತು" ಎಂದು ನಮಗೆಲ್ಲ ಬೆಳಗ್ಗೆ ಆರಕ್ಕೇ ಫಾರ್ವರ್ಡ್ ಮಾಡಿದ್ದರು. ಆ ಯುಗವೇ ಈಗ ಅವರ ಪೋರ್ಟಿಕೋದಲ್ಲಿ ನಿಂತಿತ್ತು. ರಾಯರು ಸುತ್ತ ನೋಡಿ, ಗೇಟು ಮುಚ್ಚಿ, ಉಸ್ತಾದರಿಗೆ ಮೆಲ್ಲಗೆ ಹೇಳಿದರು: "ಇದನ್ನು ಪೂರ್ತಿ ಬೇರ್ ಮೆಟಲ್‌ಗೆ ತೆಗೆದುಬಿಡಿ. ಕಾರು ಒರಿಜಿನಲ್ ಆಗಿರಬೇಕು."

ಟ್ಯಾಕ್ಸಿಯ ಕಪ್ಪು, ಹಳದಿ, ಮೀಟರಿನ ತೂತು, ಇಪ್ಪತ್ತೈದು ವರ್ಷದ ಬೆವರು, ಎಲ್ಲ ಎಂಬತ್ತರ ಕಾಗದಕ್ಕೆ ಪುಡಿಯಾಗಿ ಪೋರ್ಟಿಕೋದ ನೆಲಕ್ಕೆ ಬಿತ್ತು. ಹಳ್ಳಿಯ ಹಳೇ ದೇವಸ್ಥಾನಗಳ ಜೀರ್ಣೋದ್ಧಾರ ನೋಡಿದವರಿಗೆ ಇದು ಹೊಸತಲ್ಲ. ಸಮಿತಿಯವರು ರಸೀದಿ ಪುಸ್ತಕ ಹಿಡಿದು ದುಡ್ಡು ಎತ್ತುತ್ತಾರೆ. ಮೊದಲ ಕೆಲಸವಾಗಿ ಕಲ್ಲಿನ ಕಂಬಗಳಿಗೆ ಆಯಿಲ್ ಪೇಂಟು, ನೆಲಕ್ಕೆ ಜಾರುವ ಟೈಲ್ಸು, ಗೋಪುರಕ್ಕೆ ಗುಲಾಬಿ ಬಣ್ಣ. ತಮಿಳುನಾಡಿನಲ್ಲಿ ಕಲ್ಲು ಸ್ವಚ್ಛವಾಗಲೆಂದು ಮರಳು ಊದಿಸಿ ಶಾಸನದ ಅಕ್ಷರಗಳನ್ನೇ ನುಣ್ಣಗೆ ಅಳಿಸಿದ ದೇವಸ್ಥಾನಗಳಿವೆ. ದಾನಿಗಳ ಹೆಸರಿನ ಗ್ರಾನೈಟು ಫಲಕ ಮಾತ್ರ ಎಲ್ಲ ಕಡೆ ತಪ್ಪದೆ ಏಳುತ್ತದೆ. ಕೆತ್ತಿದವನ ಹೆಸರು ಆಗಲೂ ಇರಲಿಲ್ಲ, ಈಗಲೂ ಇರುವುದಿಲ್ಲ.

ಅಸಲಿತನದ ಹುಚ್ಚು ಅಷ್ಟಕ್ಕೇ ನಿಲ್ಲಲಿಲ್ಲ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕೆಂದು ರಾಯರು ಹಟ ಹಿಡಿದರು. ಉಸ್ತಾದ್ ನಕ್ಕರು. "ಸಾರ್, ಹೊಸಾ ಗಾಡಿನಲ್ಲೇ ಈ ಕಡೆ ಬೆರಳು ಹೋಗ್ತಿತ್ತು, ಆ ಕಡೆ ಬ್ಲೇಡೂ ಹೋಗ್ತಿರ್ಲಿಲ್ಲ." ಹಳೇ ಅಚ್ಚುಗಳಲ್ಲಿ ದಶಕಗಟ್ಟಲೆ ತಗಡು ಒತ್ತಿದ ಕಾರ್ಖಾನೆಯ ಕಾರು ಅದು, ಅದಕ್ಕೆ ಅಂಕುಡೊಂಕೇ ಅಸಲಿ. ಆದರೂ ಯಜಮಾನರ ಅಪ್ಪಣೆ. ಉಸ್ತಾದ್ ಅಂಚಿಗೆ ಕಂಬಿ ಬೆಸೆದು, ತೀಡಿ, ಎಳೆ ಎಳೆಯಾಗಿ ಸಂದು ಕೂಡಿಸಿದರು. ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಅದರ ಮೇಲೆ ಲ್ಯಾಕರು, ಎರಡು ಸಾವಿರದ ಕಾಗದ, ಪಾಲಿಷ್. ಪದ್ಮಿನಿ ತನ್ನ ಹುಟ್ಟಿದ ದಿನವೂ ಇರದಷ್ಟು ಚಂದವಾಗಿ ಎದ್ದು ನಿಂತಿತು. ಫ್ಲೋರು ಹೊಸದು, ಪೆಟ್ಟಿಗೆಗಳು ಹೊಸವು, ಬಾಗಿಲ ಕೆಳಭಾಗಗಳು ಹೊಸವು, ಡಿಕ್ಕಿಯ ತಳ ಹೊಸದು, ಬಲಗಡೆ ಮಡ್‌ಗಾರ್ಡು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಇನ್ನಾವುದೋ ಕಾರಿನದ್ದು. ಕುರ್ಲಾದಿಂದ ಬಂದದ್ದರಲ್ಲಿ ಯಾವ ಕಲಬೆರಕೆಯೂ ಇಲ್ಲದೆ ಉಳಿದಿದ್ದದ್ದು ತುಕ್ಕು ಒಂದೇ. ಅದನ್ನು ಗೋಣಿಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ಟಾಗಿತ್ತು.

ಇನ್ನು ಓಡಿಸುವುದು. ಕಾರು ಪಂಡಿತರ ಲೆಕ್ಕದಲ್ಲಿ ವಿಂಟೇಜ್ ಎಂದರೆ 1930ರೊಳಗಿನ ಗಾಡಿ. ನಮ್ಮ ಸರ್ಕಾರ ಉದಾರಿ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಗಾಡಿ ವಿಂಟೇಜ್. ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ನಂಬರಿನ ನಡುವೆ 'ವಿಎ' ಎಂದು ಬರೆದ ಪ್ಲೇಟು, ಹತ್ತು ವರ್ಷ ಮಾನ್ಯ. ಆದರೆ ಅದೇ ನಿಯಮ ಮುಂದುವರಿದು ಹೇಳುತ್ತದೆ: ಈ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ ಹೋಗಬಹುದು, ಪೆಟ್ರೋಲು ಹಾಕಿಸಲು ಹೋಗಬಹುದು, ರಿಪೇರಿಗೆ ಹೋಗಬಹುದು. ಕೊನೆಯ ಎರಡನ್ನು ಬರೆದವರು ಖಂಡಿತ ಫಿಯಟ್ ಇಟ್ಟಿದ್ದವರು. ಬಂಕಿಗೂ ಗ್ಯಾರೇಜಿಗೂ ಬಿಟ್ಟು ಅದು ಹಿಂದೆಯೂ ಬೇರೆಲ್ಲಿ ಹೋಗುತ್ತಿತ್ತು? ಅದರಲ್ಲೂ ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲಿಗೆ ಗಾಳಿಯ ತೇವ ಹೀರುವ ಚಟ. ತಿಂಗಳುಗಟ್ಟಲೆ ಓಡದೆ ನಿಂತ ಕಾರಿನ ಟ್ಯಾಂಕಿಗೆ ಅದು ಒಳಗಿಂದಲೇ ಕೆಲಸ ಶುರು ಮಾಡುತ್ತದೆ. ರಾಯರು ಕಬ್ಬಿನ ಕಾಕಂಬಿಯಿಂದ ತುಕ್ಕು ತೆಗೆಯಲು ನೋಡಿದರು. ಕಬ್ಬು ಈಗ ಟ್ಯಾಂಕಿನೊಳಗೆ ಹೊಕ್ಕು ಲೆಕ್ಕ ಚುಕ್ತಾ ಮಾಡುತ್ತಿದೆ.

ಆ ನಿಯಮದಲ್ಲಿ ಇನ್ನೊಂದು ಸಾಲಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಯಲ್ಲಾಗಲಿ, ಬಾಡಿಯಲ್ಲಾಗಲಿ, ಎಂಜಿನ್ನಿನಲ್ಲಾಗಲಿ ಗಣನೀಯ ಬದಲಾವಣೆ ಆಗಿರಕೂಡದು. ಯಾವುದಕ್ಕೂ ಒಂದು ಅಫಿಡವಿಟ್ ಇಟ್ಟುಕೊಂಡರೆ ಒಳ್ಳೆಯದು ಎಂದು ಏಜೆಂಟನೊಬ್ಬ ಸಲಹೆ ಕೊಟ್ಟ. ನಾಲ್ಕಕ್ಷರ ಬರೆಯುವವನು ಎಂಬ ಕಾರಣಕ್ಕೆ ಅದರ ಕರಡು ನನ್ನ ಪಾಲಿಗೆ ಬಂತು. ಬರೆದುಕೊಟ್ಟೆ: "ಸದರಿ ವಾಹನವು ಕಾರ್ಖಾನೆಯಿಂದ ಹೊರಬಂದ ಮೂಲ ಸ್ಥಿತಿಯಲ್ಲಿಯೇ ಇದ್ದು, ಅದರ ಬಾಡಿಯಲ್ಲಿ ಯಾವುದೇ ಕೆಲಸವನ್ನು ಮಾಡಿರುವುದಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ." ಛಾಪಾ ಕಾಗದದಲ್ಲಿ ಟೈಪಾಗಿ ಬಂದಾಗ ಅದಕ್ಕೊಂದು ಶಾಸನದ ಗಾಂಭೀರ್ಯ ಇತ್ತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ. ಕಾರನ್ನು ಹತ್ತಿರದಿಂದ ಬಲ್ಲವರೊಬ್ಬರು ಹಾಕಿದರೆ ಒಳ್ಳೆಯದು ಎಂದ ಏಜೆಂಟ್. ರಾಯರು ಯೋಚನೆಯನ್ನೂ ಮಾಡಲಿಲ್ಲ, "ನಮ್ಮ ಹುಡುಗ ಹಾಕ್ತಾನೆ" ಎಂದು ಫೋನ್ ಹಚ್ಚಿದರು. ಈ ಕಾರಿಗೆ ಸಂಬಂಧಪಟ್ಟ ಕಾಗದದ ಮೇಲೆ ಉಸ್ತಾದರ ಹೆಸರು ಬರುವ ಮೊದಲ ಸಂದರ್ಭ ಅದು.

ಉಸ್ತಾದ್ ಬಂದರು. ಕೈಗೆ ಅಂಟಿದ್ದ ಪಟ್ಟಿಯ ಪುಡಿಯನ್ನು ಪಂಚೆಯ ತುಂಡಿಗೆ ಒರೆಸಿಕೊಂಡು, ಕನ್ನಡಕ ಇಲ್ಲದ್ದರಿಂದ ನನ್ನಿಂದಲೇ ಓದಿಸಿಕೊಂಡು, ಪೂರ್ತಿ ಕೇಳಿ ತಲೆದೂಗಿದರು.

"ಕೆಲ್ಸಾನೇ ಆಗಿಲ್ಲ ಅಂತ ನಾನು ಸೈನ್ ಹಾಕಿದ್ ಮೇಲೆ, ಬಾಕಿ ದುಡ್ಡು ಯಾವ್ ಕೆಲ್ಸಕ್ಕೆ ಅಂತ ಕೇಳ್ಲಿ ಸಾರ್? ಅದನ್ನ ಮೊದ್ಲು ಕೊಟ್ಬಿಡಿ. ಆಮೇಲೆ ಎಲ್ಲಿ ಬೇಕಾದ್ರೂ ಹಾಕ್ತೀನಿ."

ರಾಯರು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು.